ಕೊನೆಯ ರೀಲು ಹೇಳುವವನು

ಅಜ್ಜಂಪುರದ ಟೂರಿಂಗ್ ಟಾಕೀಸಿಗೆ ಬಂದು ಮುಟ್ಟುವಷ್ಟರಲ್ಲಿ ಯಾವ ಸಿನಿಮಾವಾದರೂ ಮುದಿಯಾಗಿರುತ್ತಿತ್ತು. ಬೆಂಗಳೂರು, ಶಿವಮೊಗ್ಗ, ಕಡೂರು, ಬೀರೂರು ಎಲ್ಲ ಸುತ್ತಿ, ನೂರು ಮೆಷಿನ್ನುಗಳ ಹಲ್ಲಿಗೆ ಸಿಕ್ಕಿ, ಮೈಯೆಲ್ಲ ಗೀರು ಬಿದ್ದ ಪ್ರಿಂಟು. ಕೊನೆಯ ರೀಲಂತೂ ಎಷ್ಟೋ ಸಲ ಇರುತ್ತಲೇ ಇರಲಿಲ್ಲ. ಹರಿದು ಹೋಗಿರುತ್ತಿತ್ತು, ಇಲ್ಲವೇ ಹಿಂದಿನೂರಿನವರು ಆ ಡಬ್ಬ ಕಳಿಸುವುದನ್ನೇ ಮರೆತಿರುತ್ತಿದ್ದರು. ಖಳನಾಯಕ ಕತ್ತಿ ಎತ್ತಿದ ಹೊತ್ತಿಗೆ ಸರಿಯಾಗಿ ಪರದೆ ಬೆಳ್ಳಗಾದರೆ ನೆಲದಲ್ಲಿ ಕೂತ ಜನ ಸುಮ್ಮನಿರುತ್ತಾರೆಯೇ? ಕೂತ ಮಣ್ಣನ್ನೇ ಹಿಡಿ ಹಿಡಿ ಎತ್ತಿ ಎಸೆಯುತ್ತಿದ್ದರು. ಆಗ ಕರಿಸಿದ್ದಪ್ಪ ಮೈಕು ಹಿಡಿದು ಪರದೆಯ ಮುಂದೆ ಬಂದು ನಿಲ್ಲುತ್ತಿದ್ದ. ಬಾರದ ರೀಲನ್ನು ಬಾಯಲ್ಲೇ ಓಡಿಸಿ ಮುಗಿಸುತ್ತಿದ್ದ.

ಹಗಲು ಅವನ ಕೆಲಸ ಎತ್ತಿನಗಾಡಿಯಲ್ಲಿ ಕೂತು ಹಳ್ಳಿ ಹಳ್ಳಿಗೆ ಸಿನಿಮಾ ಸಾರುವುದು. ಗಾಡಿಯ ಎರಡೂ ಕಡೆ ಬೋರ್ಡು, ಮುಂದೆ ತಗಡಿನ ಹಾರ್ನು, ಹಿಂದೆ ಕಾರಿನ ಬ್ಯಾಟರಿ. ಗಂಟಲು ಒಳ್ಳೆಯದಿತ್ತು. ಹೊಲದಲ್ಲಿ ಕಳೆ ಕೀಳುವವರು ಅವನ ದನಿ ಕೇಳಿ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಓದಿದ್ದು ಮೂರನೇ ಕ್ಲಾಸು. ಹುಟ್ಟಿದ್ದು ಶಿವನಿಯಲ್ಲಿ. ಹೆಂಡತಿ ಸತ್ತ ಮೇಲೆ ಅದೇ ಊರಿನಲ್ಲಿದ್ದ ಅಕ್ಕ ಜವರಮ್ಮನ ಮನೆಯಲ್ಲೇ ಅವನ ಊಟ. ಟೆಂಟಿನ ಕೊನೆಯ ರೀಲು ಹೇಳುವುದರಲ್ಲಿ ಅವನದೊಂದು ಕಟ್ಟಳೆ ಇತ್ತು. "ನೆಲದಾಗೆ ಕೂತೋನು ಗೆದ್ದು ಎದ್ದು ಹೋಗ್ಬೇಕು ಕಣ್ರೀ. ಸೋತು ಹೋದ್ರೆ ನಾಳೆ ಯಾಕೆ ಬತ್ತಾನೆ?" ಅನ್ನುತ್ತಿದ್ದ. ಅವನ ಬಾಯಲ್ಲಿ ಒಬ್ಬ ನಾಯಕನೂ ಸತ್ತದ್ದಿಲ್ಲ. ಒಬ್ಬ ಬಡವನೂ ಮನೆ ಕಳಕೊಂಡಿದ್ದಿಲ್ಲ.

ಬೀರೂರು ಜಂಕ್ಷನ್ನಿನ ಪಾರ್ಸೆಲ್ ಗುಮಾಸ್ತ ದತ್ತಾತ್ರಿ ಅವನನ್ನು ಹುಡುಕಿಕೊಂಡು ಬಂದದ್ದು ಎಪ್ಪತ್ತೇಳನೇ ಇಸವಿಯಲ್ಲಿ. ಎಮರ್ಜೆನ್ಸಿ ಮುಗಿದು ಜನ ಮತ್ತೆ ಗುಂಪು ಕೂತು ಮಾತಾಡಲು ಶುರು ಮಾಡಿದ್ದ ಕಾಲ. ದತ್ತಾತ್ರಿಗೆ ಸಿನಿಮಾ ಹುಚ್ಚು. ರೈಲಿನವರನ್ನೂ ಇಬ್ಬರು ಮೇಷ್ಟರನ್ನೂ ಒಬ್ಬ ಅಡಿಕೆ ಮಂಡಿಯವನನ್ನೂ ಸೇರಿಸಿ ಒಂದು ಸಂಘ ಕಟ್ಟಿದ್ದ. ಪುಣೆಯ ಫಿಲಂ ಭಂಡಾರದಿಂದ ರೈಲಿನಲ್ಲಿ ಹದಿನಾರು ಎಂಎಂ ಫಿಲಮಿನ ಡಬ್ಬಗಳು ಬರುತ್ತಿದ್ದವು. ಹೆಚ್ಚಿನವು ಇಟಲಿಯವು. ತೊಂದರೆ ಒಂದೇ. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಬಲ್ಲವರು ಐದಾರು ಜನ. ಹಮಾಲರು, ಗ್ಯಾಂಗ್‌ಮನ್‌ಗಳು ಅರ್ಧಕ್ಕೇ ಎದ್ದು ಬೀಡಿ ಸೇದಲು ಹೋಗುತ್ತಿದ್ದರು.

"ನೀನು ಕನ್ನಡದಲ್ಲಿ ಹೇಳ್ಬೇಕು ಕಣಯ್ಯಾ," ಅಂದ ದತ್ತಾತ್ರಿ.

"ಇಟಲಿ ಮಾತು ನಂಗೆಲ್ಲಿ ಬತ್ತದೆ ಸ್ವಾಮಿ? ಕನ್ನಡಾನೇ ಅಕ್ಷರ ಕೂಡಿಸ್ಕಂಡು ಓದ್ತೀನಿ."

"ನಂಗೂ ಬರಲ್ಲ. ಇಂಗ್ಲಿಷ್ ನೋಡ್ಕೊಂಡು ನಾನು ದಪ್ಪಕ್ಷರದಲ್ಲಿ ಬರ್ಕೊಡ್ತೀನಿ. ನೀನು ಬಾಯಿ ಕೊಟ್ರೆ ಸಾಕು."

"ಅಲ್ಲ, ಯಾರೋ ಬಾಯಿ ಆಡಿಸ್ತಾ ಇರೋವಾಗ ನನ್ ಮಾತು ತುರುಕಿದ್ರೆ ಮೋಸ ಆಗಲ್ವಾ?"

ದತ್ತಾತ್ರಿ ನಕ್ಕುಬಿಟ್ಟ. "ಲೇ, ಅವರು ಮಾಡಿರೋದೂ ಅದನ್ನೇ. ಅಲ್ಲಿ ಮೊದ್ಲು ಚಿತ್ರ ತೆಗೀತಾರೆ, ಮಾತು ಆಮೇಲೆ ಸೇರಿಸ್ತಾರೆ. ಮುಖ ಒಬ್ಬಂದು, ಗಂಟಲು ಇನ್ನೊಬ್ಬಂದು. ನೀನು ಮೂರನೆಯೋನು, ಅಷ್ಟೇ."

ಕರಿಸಿದ್ದಪ್ಪ ಒಪ್ಪಿದ್ದು ಆ ಮಾತಿಗೆ.

ಇಟಲಿಯ ಸಿನಿಮಾದ ಚರಿತ್ರೆ ಅವನಿಗೆ ಗೊತ್ತಾದದ್ದು ಬೀರೂರಿನ ಪಾರ್ಸೆಲ್ ಆಫೀಸಿನಲ್ಲಿ, ವೀಳ್ಯದೆಲೆಯ ಪಿಂಡಿಗಳ ಮೇಲೆ ಕೂತು. ಆ ದೇಶದವರು ಪಿಕ್ಚರು ತೆಗೆಯಲು ಶುರು ಮಾಡಿದಾಗ ಹಳೇ ರಾಜರ ಕತೆಗಳನ್ನು ಸಾವಿರಾರು ಜನ ಸೇರಿಸಿ ತೆಗೆಯುತ್ತಿದ್ದರಂತೆ. ಆಮೇಲೆ ಬಂದ ಸರ್ವಾಧಿಕಾರಿ ದೊಡ್ಡ ಸ್ಟುಡಿಯೋ ಕಟ್ಟಿಸಿದ. ಹೊಳೆಯುವ ಟೆಲಿಫೋನು, ರೇಷ್ಮೆ ಗೌನು ತೊಟ್ಟವರ ಕತೆಗಳು ಬಂದವು, ಬಡವರು ಪರದೆಯ ಮೇಲೆ ಕಾಣದಾದರು. ಯುದ್ಧ ಬಂತು. ಸ್ಟುಡಿಯೋ ಮೇಲೆ ಬಾಂಬು ಬಿತ್ತು, ಉಳಿದ ಕಟ್ಟಡದಲ್ಲಿ ಮನೆ ಕಳಕೊಂಡ ಜನ ಸಂಸಾರ ಹೂಡಿದರು. ಸಿನಿಮಾ ತೆಗೆಯುವವರು ಏನು ಮಾಡಬೇಕು? ಸಿಕ್ಕಿದ ತುಂಡು ಫಿಲಂ ಹಿಡಿದು ಬೀದಿಗೆ ಬಂದರು. ಬಣ್ಣ ಬಳಿದ ನಟರ ಬದಲು ಬೆಸ್ತರನ್ನು, ಕೂಲಿಯವರನ್ನು, ಕೆಲಸವಿಲ್ಲದವರನ್ನು ನಿಲ್ಲಿಸಿ ತೆಗೆದರು. ಅಲ್ಲಿನ ಸರ್ಕಾರದ ದೊಡ್ಡವರಿಗೆ ಸಿಟ್ಟು ಬಂತಂತೆ, ನಮ್ಮ ಕೊಳಕು ಬಟ್ಟೆಯನ್ನು ಊರ ಮುಂದೆ ಒಗೆಯುತ್ತಾರೆ ಎಂದು.

ಬೀರೂರಿನ ಹಮಾಲರಿಗೆ ಈ ಚರಿತ್ರೆ ಬೇಕಿರಲಿಲ್ಲ. ಅವರು ಕೂತು ನೋಡಿದ್ದು ಮುಖಗಳನ್ನು. ಕ್ಷೌರ ಮಾಡಿಸದ ಗಂಡಸು, ಮುಡಿ ಬಿಚ್ಚಿದ ಹೆಂಗಸು, ಆಫೀಸಿನ ಬಾಗಿಲಲ್ಲಿ ಟೋಪಿ ಹಿಡಿದು ನಿಂತ ಮುದುಕ. "ಇವನು ನಮ್ ಕೃಷ್ಣಸ್ವಾಮಿ ಮಾವ ಇದ್ದಂಗವ್ನೆ ಕಣೋ" ಎಂದು ಒಬ್ಬ ಕೂಗಿದರೆ, "ನಿಮ್ ಮಾವ ಇಷ್ಟು ಕೆಲ್ಸ ಮಾಡ್ತಾನೇನ್ಲಾ?" ಎಂದು ಇನ್ನೊಬ್ಬ. ಹಾಡಿಲ್ಲ, ಫೈಟಿಲ್ಲ, ಆದರೂ ಮುಂದಿನ ತಿಂಗಳು ಅವರೇ ಬಂದು ಕೂರುತ್ತಿದ್ದರು. ಮದರಾಸಿನ ಚಿತ್ರದಲ್ಲಿ ಬಡವನೂ ಇಸ್ತ್ರಿ ಅಂಗಿ ಹಾಕಿರುತ್ತಿದ್ದ. ಇಲ್ಲಿ ಬಡವನ ಅಂಗಿಗೆ ಬೆವರಿತ್ತು.

ಎಲ್ಲವೂ ಹಾಗಿರಲಿಲ್ಲ. ಆ ದೇಶಕ್ಕೆ ದುಡ್ಡು ಬಂದ ಮೇಲೆ ತೆಗೆದವೂ ಬಂದವು. ಚೆಂದದ ಹೆಂಗಸೊಬ್ಬಳು ಖಾಲಿ ಬೀದಿಯಲ್ಲಿ ಹತ್ತು ನಿಮಿಷ ನಡೆಯುತ್ತಾಳೆ, ಗೋಡೆ ನೋಡುತ್ತಾಳೆ, ಮತ್ತೆ ನಡೆಯುತ್ತಾಳೆ. "ಆಯಮ್ಮಂಗೆ ಏನಾಗೈತೆ ಹೇಳೋ?" ಎಂದು ಕೂಗಿದರು. ಕರಿಸಿದ್ದಪ್ಪ ಚೀಟಿ ನೋಡಿದ. ಚೀಟಿಯಲ್ಲಿ ಏನೂ ಇಲ್ಲ. "ಮನೇಲಿ ಕೆಲ್ಸ ಇಲ್ಲ ಆಯಮ್ಮಂಗೆ" ಅಂದ. ಕೂತವರೆಲ್ಲ ನಕ್ಕರು. ದತ್ತಾತ್ರಿ ಮಾತ್ರ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ತರೀಕೆರೆಯ ಥಿಯೇಟರಿನಲ್ಲಿ ಹೌಸ್‌ಫುಲ್ ಓಡುತ್ತಿದ್ದ ಕುದುರೆ, ಪಿಸ್ತೂಲಿನ ಎಷ್ಟೋ ಪಿಕ್ಚರುಗಳೂ ಇಟಲಿಯವರದ್ದೇ ಎಂದು ತಿಳಿದ ದಿನ ಕರಿಸಿದ್ದಪ್ಪನಿಗೆ ಆದಷ್ಟು ಆಶ್ಚರ್ಯ ಯಾರಿಗೂ ಆಗಿರಲಾರದು. "ಅಮೇರಿಕದೋರ ಟೋಪಿ ಹಾಕ್ಕಂಡು ಇವ್ರೇ ಹೊಡೆದಾಡ್ತಿದ್ರಾ? ಭಲೇ ಕಳ್ರು!"

ಅಕ್ಕನ ವಿಷಯಕ್ಕೆ ಬರಬೇಕು. ಜವರಮ್ಮ ವಿಧವೆ, ಮಕ್ಕಳಿಲ್ಲ. ಶಿವನಿಯ ರೈಲು ಹಳಿಯ ಆಚೆ ಗಂಗಾಧರಯ್ಯನ ಎರಡೆಕರೆ ಹೊಲವನ್ನು ಅವಳ ಗಂಡ ಗೇಣಿಗೆ ಮಾಡುತ್ತಿದ್ದ, ಅವನು ಸತ್ತ ಮೇಲೆ ಹನ್ನೊಂದು ವರ್ಷ ಇವಳೇ ಮಾಡಿದಳು. ಉಳುವವರಿಗೇ ನೆಲ ಎಂಬ ಕಾಯಿದೆ ಬಂದಿತ್ತು. ಗೋಡೆಗಳ ಮೇಲೆಲ್ಲ ಬರೆದಿದ್ದರು. ಫಾರಂ ಏಳು ಎಂಬ ಅರ್ಜಿ ಹಾಕಿದವರಿಗೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ನೆಲ ಬರೆದುಕೊಡಬೇಕು. ಕಾಯಿದೆ ಒಳ್ಳೆಯದೇ. ಆದರೆ ಗೇಣಿ ಕೊಟ್ಟದ್ದು ರಾಗಿಯಲ್ಲಿ, ರಸೀದಿ ಯಾವ ಒಡೆಯನೂ ಕೊಟ್ಟಿರಲಿಲ್ಲ. ಪಹಣಿಯಲ್ಲಿ ಒಡೆಯನ ಹೆಸರಿನ ಎದುರಿಗೆ 'ಸ್ವಂತ ಸಾಗುವಳಿ' ಎಂದು ಬರೆಸಿಕೊಳ್ಳುವುದು ಅವರಿಗೆ ಒಂದು ಹೊತ್ತಿನ ಕಾಫಿಯ ಖರ್ಚು.

ಜವರಮ್ಮ ಗಡುವಿನ ಕೊನೆಯ ದಿನಗಳಲ್ಲಿ ಹೆದರಿ ಹೆದರಿ ಅರ್ಜಿ ಹಾಕಿದ್ದಳು. ಗಂಗಾಧರಯ್ಯ ಕೂಗಾಡುವ ಆಸಾಮಿಯಲ್ಲ. ಮನೆಗೇ ಬಂದು ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದ.

"ನೋಡು ಜವರಮ್ಮ, ಕಚೇರಿ ಗಿಚೇರಿ ಯಾಕೆ? ಅರ್ಜಿ ವಾಪಸ್ ತಗೋ. ಹಳ್ಳದ ಕಡೆ ಅರ್ಧ ಎಕರೆ ನಿನ್ನ ಹೆಸರಿಗೆ ಖಾತೆ ಮಾಡಿಸ್ತೀನಿ. ಎಲ್ಲಾ ಕಾಗದ ನಂದೇ ಖರ್ಚು."

"ಯೋಚ್ನೆ ಮಾಡ್ತೀನಿ ಅಯ್ಯೋರೆ."

"ಮಾಡು. ವಿಚಾರಣೆಗೆ ಮುಂಚೆ ಹೇಳು. ಆಮೇಲೆ ಕೇಳ್ಬೇಡ."

ಅರ್ಧ ಎಕರೆಗೇ ಒಪ್ಪಿಕೊಳ್ಳಬೇಕು ಎಂದು ಅವಳ ಮನಸ್ಸು ಮುಕ್ಕಾಲು ಪಾಲು ವಾಲಿತ್ತು. "ಕೈಗೆ ಬರೋದು ಬರ್ಲಿ ಕಣೋ ಕರಿಯ. ಒಬ್ಬಳ ಹೊಟ್ಟೆಗೆ ಎಷ್ಟು ಬೇಕು?" ಎಂದು ತಮ್ಮನಿಗೆ ಬಡಿಸುತ್ತ ಅಂದಳು. ಅವನಿಗೂ ಸರಿ ಅನಿಸಿತ್ತು.

ಎಂಬತ್ತನೇ ಇಸವಿ ಫೆಬ್ರವರಿ. ದತ್ತಾತ್ರಿಯ ಸಂಘ ಹಳ್ಳಿಗಳಲ್ಲೂ ಇಟಲಿಯ ಚಿತ್ರ ತೋರಿಸಬೇಕೆಂದು ಹೊರಟು, ಮೊದಲು ಆರಿಸಿದ್ದು ಶಿವನಿಯನ್ನು. ರೈಲು ನಿಲ್ಲುವ ಊರು, ಡಬ್ಬ ಇಳಿಸಲು ಸುಲಭ. ಚಿತ್ರ ಕಪ್ಪುಬಿಳುಪಿನದು. ಕಲ್ಲು ನೆಲ, ಒಬ್ಬ ವಿಧವೆ, ಅವಳು ಪಾಲಿಗೆ ಮಾಡುವ ಹೊಲ, ಬಿಡಿಸಲು ಬರುವ ಒಡೆಯ. ಕೊನೆಗೆ ಕೋರ್ಟು. ದತ್ತಾತ್ರಿ ಹಿಂದಿನ ದಿನ ಒಮ್ಮೆ ಓಡಿಸಿ ನೋಡಿ ಚೀಟಿ ಬರೆದುಕೊಟ್ಟ. ಶಿವನಿಗೆ ಬರಬೇಕೆಂದಿದ್ದವನಿಗೆ ಜಂಕ್ಷನ್ನಿನಲ್ಲಿ ಡಬಲ್ ಡ್ಯೂಟಿ ಬಿತ್ತು. ಮೆಷಿನ್ ನಡೆಸಲು ಲೋಕೋ ಶೆಡ್ಡಿನವನೊಬ್ಬ ಬಂದ.

ಕತ್ತಲಾಗುತ್ತಲೇ ಶಾಲೆಯ ಗೋಡೆಗೆ ಪಂಚೆ ಕಟ್ಟಿ ಶುರು ಮಾಡಿದರು. ಮುನ್ನೂರು ಜನ. ಜವರಮ್ಮ ಹೆಂಗಸರ ಸಾಲಿನಲ್ಲಿ ಪಕ್ಕದ ಮನೆಯ ಹಾಲಮ್ಮನ ಜೊತೆ ಕೂತಿದ್ದಳು. ಕರಿಸಿದ್ದಪ್ಪ ಆ ಹೊತ್ತು ಚೆನ್ನಾಗಿ ಹೇಳಿದ. ತನ್ನೂರಿನವರ ಮುಂದೆ ಹೇಳುತ್ತಿದ್ದೇನೆಂದು ಗಂಟಲಿಗೂ ಗೊತ್ತಿತ್ತೋ ಏನೋ. ಕೋರ್ಟು ಬಂತು. ಕಾಗದ ಎಲ್ಲಿ ಎಂದು ಕೇಳುತ್ತಾರೆ. ವಿಧವೆ ಕಾಗದವಿಲ್ಲದೆ ತನ್ನೆರಡು ಕೈ ಚಾಚಿ ಅಂಗೈ ತೋರಿಸುತ್ತಾಳೆ. ಜಡ್ಜು ಕನ್ನಡಕ ಹಾಕಿಕೊಳ್ಳುತ್ತಾನೆ. ಚೀಟಿ ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ಆ ಹೆಂಗಸು ಗಂಟು ಹೊತ್ತು ರಸ್ತೆಯಲ್ಲಿ ನಡೆಯುತ್ತಾಳೆ, ಒಂದು ಮಾತಿಲ್ಲ, ನಡೆಯುತ್ತಲೇ ಇದ್ದಾಳೆ. ಪಟ್ಟನೆ ಪರದೆ ಬೆಳ್ಳಗಾಯಿತು.

ಜನ ಎದ್ದು ನಿಂತರು. "ಮುಂದೆ? ಮುಂದೇನಾಯ್ತೋ ಕರಿಸಿದ್ದ?"

ಅವನು ಲೋಕೋ ಶೆಡ್ಡಿನವನ ಕಡೆ ನೋಡಿದ. ಆತ ಕೈ ಅಲ್ಲಾಡಿಸಿದ. ಇನ್ನು ರೀಲಿಲ್ಲ.

ಕರಿಸಿದ್ದಪ್ಪನಿಗೆ ಒಂದು ಗಳಿಗೆಯೂ ಸಂಶಯ ಬರಲಿಲ್ಲ. ಕೊನೆಯ ರೀಲು ಬಂದಿಲ್ಲ. ಅದನ್ನು ಹೇಳುವುದು ಅವನ ಕಸುಬು. ಹನ್ನೆರಡು ವರ್ಷದ ಕಸುಬು. ಮೈಕು ಎತ್ತಿಕೊಂಡ.

"ಕೇಳ್ರಪ್ಪಾ! ಜಡ್ಜು ಆ ಕೈ ನೋಡ್ದ. ಬಿರುಕು ನೋಡ್ದ, ಗುಳ್ಳೆ ನೋಡ್ದ. 'ತಾಯಿ, ಇದಕ್ಕಿಂತ ದೊಡ್ಡ ಕಾಗದ ಯಾವ ಕಚೇರೀಲೂ ಇಲ್ಲ' ಅಂದ. ನೆಲ ಅವಳ ಹೆಸರಿಗೆ ಬರೆದ. ಗಂಟು ಹೊತ್ಕಂಡು ಹೋದ್ಲಲ್ಲ, ಅದು ಬಿತ್ತನೆ ಗಂಟು. ತನ್ ಹೊಲಕ್ಕೇ ಹೋದ್ಲು!"

ಮುನ್ನೂರು ಜನ ಕೇಕೆ ಹೊಡೆದರು. ಹಾಲಮ್ಮ ಅಳುತ್ತಿದ್ದಳು. ಜವರಮ್ಮ ಅಳಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು. ಮಾರನೇ ಬೆಳಿಗ್ಗೆ ಗಂಗಾಧರಯ್ಯನ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಹೇಳಿ ಬಂದಳು: "ಅರ್ಜಿ ವಾಪಸ್ ತಗಳಲ್ಲ ಅಯ್ಯೋರೆ. ಎರಡೆಕರೇನೇ ಕೇಳ್ತೀನಿ." ಗಂಗಾಧರಯ್ಯ ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ "ಸರಿ" ಅಂದನಂತೆ.

ಡಬ್ಬ ವಾಪಸು ಕೊಡಲು ಬೀರೂರಿಗೆ ಹೋದಾಗ ಕರಿಸಿದ್ದಪ್ಪ ಬೈದೇ ಶುರು ಮಾಡಿದ. "ಏನ್ ಸ್ವಾಮಿ, ಪುಣೆಯೋರೂ ನಮ್ ಟೆಂಟಿನೋರ ಹಂಗೇ ಆದ್ರಲ್ಲ. ಕೊನೇ ರೀಲು ಕಳಿಸಿಲ್ಲ."

ದತ್ತಾತ್ರಿ ಡಬ್ಬ ಎಣಿಸಿದ. "ಎಲ್ಲಾ ಇದೆಯಲ್ಲೋ."

"ಹಂಗಾದ್ರೆ ಮುಂದಿಂದು?"

"ಮುಂದಿಂದು ಇಲ್ಲ. ಅದೇ ಮುಗಿಯೋದು. ಅವಳಿಗೆ ನೆಲ ಸಿಗಲ್ಲ, ಊರು ಬಿಟ್ಟು ಹೋಗ್ತಾಳೆ. ಇವರು ಹಾಗೇ ಬಿಟ್ಟುಬಿಡ್ತಾರೆ ಕಣೋ, ನಮ್ಮೋರ ಥರ ಶುಭಂ ಹಾಕಲ್ಲ. ಅದಕ್ಕೇ ಮೂವತ್ತು ವರ್ಷ ಆದ್ರೂ ಇನ್ನೂ ನೋಡ್ತಾ ಇದೀವಿ." ಆಮೇಲೆ ಅವನ ಮುಖ ನೋಡಿ, "ಯಾಕೆ? ಏನ್ ಹೇಳ್ದೆ ಅಲ್ಲಿ?" ಅಂದ.

"ಏನಿಲ್ಲ ಬಿಡಿ."

ಶಿವನಿಗೆ ಬರುವ ರೈಲಿನಲ್ಲಿ ಅವನು ಅಕ್ಕನಿಗೆ ಹೇಳಲೇಬೇಕೆಂದುಕೊಂಡ. ವಿಚಾರಣೆಗೆ ಇನ್ನೂ ಹನ್ನೆರಡು ದಿನವಿತ್ತು. ಗಂಗಾಧರಯ್ಯನ ಕಾಲು ಹಿಡಿದರೆ ಅರ್ಧ ಎಕರೆಯ ಮಾತು ಮತ್ತೆ ಬಂದೀತು. ಸ್ಟೇಷನ್ನಿನಲ್ಲಿ ಇಳಿಯುತ್ತಲೇ ಮೂವರು ಬಂದು ಬೆನ್ನು ತಟ್ಟಿದರು. "ಏನ್ ಹೇಳ್ದೆ ಮಾರಾಯ ಆ ಜಡ್ಜಿನ ಮಾತು! ಇನ್ನೊಂದ್ ಸಲ ಹೇಳು." ಹೋಟೆಲಿನವನು ಕಾಫಿಗೆ ಕಾಸು ತೆಗೆದುಕೊಳ್ಳಲಿಲ್ಲ. ಮನೆಗೆ ಬಂದರೆ ಜವರಮ್ಮ ಎಂದೂ ಇಲ್ಲದ ಗೆಲುವಿನಲ್ಲಿ ಮುದ್ದೆ ತಿರುವುತ್ತಿದ್ದಳು. ಮಂಡಳಿಯವರ ಎದುರು ಏನೇನು ಹೇಳಬೇಕೆಂದು ಒಲೆಯ ಮುಂದೆ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ಆ ದಿನ ಹೇಳಲಿಲ್ಲ. ನಾಳೆ ಅಂದುಕೊಂಡ. ನಾಳೆಯೂ ಹೇಳಲಿಲ್ಲ. ಅಕ್ಕ ಗೆದ್ದರೂ ಗೆಲ್ಲಬಹುದು, ಯಾಕೆ ಎದೆ ಒಡೆಯಬೇಕು ಎಂದು ತನಗೆ ತಾನೇ ಸಬೂಬು ಹೇಳಿಕೊಂಡ. ಸತ್ಯ ಅಷ್ಟೇ ಆಗಿರಲಿಲ್ಲ. ಊರವರ ಚಪ್ಪಾಳೆ ವಾಪಸು ಕೊಡಲು ಅವನಿಗೆ ಮನಸ್ಸಿರಲಿಲ್ಲ.

ವಿಚಾರಣೆ ನಡೆದದ್ದು ತಾಲ್ಲೂಕು ಕಚೇರಿಯ ಉದ್ದ ಕೋಣೆಯಲ್ಲಿ. ಹೊರಗೆ ಜಗಲಿ ತುಂಬ ಗೇಣಿದಾರರು, ಕೈಯಲ್ಲಿ ಮಡಿಸಿದ ಕಾಗದ, ಸಂಜೆಯವರೆಗೂ ಕಾಯುವ ಜನ. ಜವರಮ್ಮನ ಹೆಸರು ಕೂಗಿದಾಗ ಕರಿಸಿದ್ದಪ್ಪ ಬಾಗಿಲ ಬಳಿ ನಿಂತ. ಗಂಗಾಧರಯ್ಯ ಪಹಣಿ ಮುಂದಿಟ್ಟ. ಪಕ್ಕದ ಹೊಲದ ಬಸವರಾಜಪ್ಪ ಬಂದು, "ಆಯಮ್ಮ ಕೂಲಿಗೆ ಬತ್ತಿದ್ಲು ಸ್ವಾಮಿ, ಸಾಗುವಳಿ ಅಯ್ಯೋರದ್ದೇ" ಎಂದು ಹೇಳಿ, ಜವರಮ್ಮನ ಮುಖ ನೋಡದೆ ಹೊರಗೆ ಹೋದ. ಹನ್ನೊಂದು ವರ್ಷ ಬದುವಿನ ಮೇಲೆ ಕೂತು ಅವಳ ಎಲೆಯಡಿಕೆ ಹಾಕಿಕೊಂಡವನು.

"ಗೇಣಿ ರಸೀದಿ ಇದೆಯೇನಮ್ಮ?" ಎಂದು ಕೇಳಿದರು.

"ಇಲ್ಲ."

"ಬೇರೆ ಏನಾದ್ರೂ ಕಾಗದ?"

ಜವರಮ್ಮ ಸೆರಗು ಸರಿಮಾಡಿಕೊಂಡಳು. ಮೇಜಿನ ಹತ್ತಿರ ಹೋಗಿ ಎರಡು ಕೈ ಚಾಚಿ ಅಂಗೈ ಮೇಲೆ ಮಾಡಿ ಹಿಡಿದಳು. ಹಾಗೇ ನಿಂತಳು. ಬಾಗಿಲಲ್ಲಿದ್ದ ಕರಿಸಿದ್ದಪ್ಪ ಚೌಕಟ್ಟು ಹಿಡಿದುಕೊಂಡ.

ಮೇಜಿನಾಚೆಯವರಿಗೆ ಅರ್ಥವಾಗಲಿಲ್ಲ. ಒಬ್ಬರು, "ಏನು, ದುಡ್ಡು ಕೇಳ್ತಾಳಾ?" ಅಂದರು. ಇನ್ನೊಬ್ಬರು, "ಕೈ ತೋರಿಸಿದ್ರೆ ಆಗಲ್ಲಮ್ಮ, ಕಾಗದ ತೋರಿಸ್ಬೇಕು" ಅಂದರು, ಬೈದು ಅಲ್ಲ, ಬೇಸರದಿಂದ. ಅವಳು ಇನ್ನೂ ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದಳು. ಜವಾನ ಬಂದು ಮೊಣಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ. ಅರ್ಜಿ ವಜಾ ಎಂದು ಅದೇ ಸಂಜೆ ಗೊತ್ತಾಯಿತು.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ರೈಲಿಗೆ ಇನ್ನೂ ಹೊತ್ತಿತ್ತು.

"ಆಯಮ್ಮ ಕೈ ತೋರ್ಸಿದ್ಕೆ ಆ ಜಡ್ಜು ಒಪ್ಕಂಡ್ನಲ್ಲ," ಅಂದಳು ಜವರಮ್ಮ. "ಇವರ್ಯಾಕೆ ಒಪ್ಲಿಲ್ಲ?"

ಸುಳ್ಳು ಹೇಳಲು ಆಗಲೂ ಜಾಗವಿತ್ತು. ಇಟಲಿಯ ಜಡ್ಜು ಒಳ್ಳೆಯವನು, ನಮ್ಮವರು ಕೆಟ್ಟವರು ಎಂದಿದ್ದರೆ ಅವಳು ನಂಬುತ್ತಿದ್ದಳು.

"ಅವನೂ ಒಪ್ಲಿಲ್ಲ ಕಣಕ್ಕ. ಆಯಮ್ಮಂಗೂ ಸಿಗ್ಲಿಲ್ಲ. ಊರು ಬಿಟ್ಟು ಹೋದ್ಲಂತೆ. ಕೊನೇ ರೀಲು ಬಂದಿಲ್ಲ ಅಂದ್ಕಂಡು ನಾನೇ ಹೇಳ್ಬಿಟ್ಟೆ."

ಜವರಮ್ಮ ಹಳಿಯ ಕಡೆ ನೋಡುತ್ತಿದ್ದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಡಬ್ಬ ಕೊಡಕ್ಕೆ ಹೋದಾಗ. ದತ್ತಾತ್ರಿ ಹೇಳಿದ್ರು."

"ಎಷ್ಟು ದಿನ ಆಯ್ತು?"

"ಹನ್ನೆರಡು."

"ಹನ್ನೆರಡು ದಿನ ನಾನು ಬಡಿಸಿದ್ದು ಉಂಡ್ಯಲ್ಲೋ ನೀನು."

ಅವನು ಬೆಂಚಿನ ತುದಿಗೆ ಸರಿದು ಕೂತ.

"ಗೊತ್ತಿದ್ದಿದ್ರೆ ಅರ್ಧ ಎಕರೆ ಇಸ್ಕತಿದ್ದೆ," ಅಂದಳು. "ಗಂಗಾಧರಯ್ಯ ಒಂದೂವರೆ ಎಕರೆ ತಿಂದ ಕಣೋ. ಅರ್ಧ ಎಕರೆ ತಿಂದೋನು ನೀನು."

ರೈಲು ಬಂದಾಗ ಅವಳು ಹೆಂಗಸರ ಡಬ್ಬಿಗೆ ಹತ್ತಿದಳು.

ಅಲ್ಲಿಂದ ಅವನ ಊಟ ಅಜ್ಜಂಪುರದ ಹೋಟೆಲಿನಲ್ಲಾಯಿತು. ಜವರಮ್ಮ ಬಾಗಿಲು ಹಾಕಿ ಅಟ್ಟಲಿಲ್ಲ, ಆದರೆ ಎಲೆ ಹಾಕುವುದನ್ನು ನಿಲ್ಲಿಸಿದಳು. ಗಂಗಾಧರಯ್ಯ ಆ ಎರಡೆಕರೆಗೆ ತೆಂಗಿನ ಸಸಿ ಇಡಿಸಿದ. ಗುಂಡಿ ತೋಡಲು ಕರೆದ ಆಳುಗಳಲ್ಲಿ ಜವರಮ್ಮನೂ ಇದ್ದಳು. ಬೇರೆ ಕೂಲಿ ಇರಲಿಲ್ಲ, ಹೋದಳು, ಅಷ್ಟೇ. ಇತ್ತ ಕರಿಸಿದ್ದಪ್ಪ ಟೆಂಟಿನಲ್ಲಿ ಕೊನೆಯ ರೀಲು ಹೇಳುವುದನ್ನು ಬಿಟ್ಟ. ಪರದೆ ಬೆಳ್ಳಗಾದರೆ "ರೀಲಿಲ್ಲ, ಹೋಗ್ರಪ್ಪಾ" ಅನ್ನುತ್ತಿದ್ದ. ಬೈಗುಳ, ಮಣ್ಣು ಎರಡನ್ನೂ ತಿಂದ. ಮಾಲೀಕ ಅವನನ್ನು ಬರೀ ಗಾಡಿ ಸಾರುವ ಕೆಲಸಕ್ಕೆ ಇಳಿಸಿದ. ಬೀರೂರಿಗೆ ಮಾತ್ರ ತಿಂಗಳಿಗೊಮ್ಮೆ ಹೋಗುತ್ತಿದ್ದ. ಚೀಟಿಯಲ್ಲಿದ್ದಷ್ಟೇ ಓದುತ್ತಿದ್ದ. ಮಾತಿಲ್ಲದ ಕಡೆ ಬಾಯಿ ಮುಚ್ಚಿಕೊಂಡು ಆ ಮುಖಗಳನ್ನು ನೋಡುತ್ತಿದ್ದ. ಹಮಾಲರು ಆಗಲೂ ಬಂದರು, ಮೊದಲಿಗಿಂತ ಕಮ್ಮಿ ನಕ್ಕರು.

ಎಂಬತ್ತೆರಡರಲ್ಲಿ ರೈತರು ಬೀದಿಗಿಳಿದಿದ್ದ ಹೊತ್ತಿನಲ್ಲಿ ಕಡೂರಿನ ಹೋರಾಟದವರು ಇಂಥ ವಜಾ ಆದ ಅರ್ಜಿಗಳನ್ನೆಲ್ಲ ಒಟ್ಟುಮಾಡಿ ಹೈಕೋರ್ಟಿಗೆ ಹಾಕಿಸಿದರು. ಜವರಮ್ಮನೂ ಹೆಬ್ಬೆಟ್ಟು ಒತ್ತಿದಳು. ತಮ್ಮನಿಗೆ ಅವಳು ಹೇಳಲಿಲ್ಲ, ಅವನಿಗೆ ಅದು ಸಂತೆಯಲ್ಲಿ ಗೊತ್ತಾಯಿತು. ಎಂಬತ್ತೈದರಲ್ಲಿ ಮತ್ತೆ ವಿಚಾರಣೆ ಮಾಡಬೇಕೆಂದು ಹೈಕೋರ್ಟಿನಿಂದ ಕಾಗದ ಬಂತು. ಕರಿಸಿದ್ದಪ್ಪ ಐದು ವರ್ಷದ ಮೇಲೆ ಅಕ್ಕನ ಜಗಲಿ ಹತ್ತಿದ.

"ನಾನು ಸಾಕ್ಷಿ ಹೇಳ್ತೀನಿ ಕಣಕ್ಕ. ಭಾವ ಉತ್ತಿದ್ದು, ನೀನು ಬಿತ್ತಿದ್ದು, ಎಲ್ಲಾ ಕಣ್ಣಾರೆ ನೋಡಿದೀನಿ. ಅವರ ಮುಂದೆ ನಿಂತು ಹೇಳ್ತೀನಿ."

ಜವರಮ್ಮ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬ್ಯಾಡ. ನೀನು ಚೆಂದಾಗಿ ಹೇಳ್ತೀಯ. ಅಲ್ಲಿ ಚೆಂದಾಗಿ ಹೇಳೋದು ಬ್ಯಾಡ. ಹಾಲಮ್ಮ ಬತ್ತಾಳೆ."

"ಹಾಲಮ್ಮಂಗೆ ಎರಡು ಮಾತು ಕೂಡ್ಸಿ ಆಡಕ್ಕೆ ಬರಲ್ಲ."

"ಅದಕ್ಕೇ."

ವಿಚಾರಣೆಯ ದಿನ ಇಬ್ಬರು ಹೆಂಗಸರೂ ಶಿವನಿಯಲ್ಲಿ ಬೆಳಗಿನ ರೈಲಿಗೆ ಕಾದು ನಿಂತರು. ಕರಿಸಿದ್ದಪ್ಪ ಪ್ಲಾಟ್‌ಫಾರಮ್ಮಿನ ಈ ತುದಿಯಲ್ಲಿದ್ದ. ಹಾಲಮ್ಮನಿಗೆ ಹೆದರಿಕೆ. "ಏನಂತ ಹೇಳ್ಲೇ ಜವರಿ? ಮರ್ತೋದ್ರೆ?" ಎಂದು ಕೇಳುತ್ತಲೇ ಇದ್ದಳು.

"ನೋಡಿದ್ದಷ್ಟೇ ಹೇಳು. ಮರ್ತೋದ್ರೆ ಮರ್ತೋಯ್ತು ಅನ್ನು," ಅಂದಳು ಜವರಮ್ಮ.

ರೈಲು ಬಂತು, ಹತ್ತಿದರು. ಕಿಟಕಿಯಿಂದ ಜವರಮ್ಮ ಒಂದು ಸಲ ತಮ್ಮನ ಕಡೆ ನೋಡಿದಳು. ಬಾ ಅನ್ನಲಿಲ್ಲ. ಅವನು ಹತ್ತಲಿಲ್ಲ.